ಒಂದೇ ಕುರ್ಚಿಯ ಫೋಟೊ

"ಫೋಟೊ ತೆಗಿಸ್ಬೇಕಾಗ್ಯಾದ. ಒಂದೇ ಕುರ್ಚಿ ಇರ್ಬೇಕು. ನಾ ಕುಂದ್ರತೀನಿ, ಅವರು ನಿಂದ್ರತಾರ. ಅಂಥಾ ಸ್ಟುಡಿಯೊ ಯಾವುದಾರ ಅದ ಏನು ನಿಮ್ಮ ಕಲಬುರಗ್ಯಾಗ?"

ಸೋಮವಾರ ಬೆಳಿಗ್ಗೆ ಫೋನ್ ಎತ್ತಿದ ಕೂಡಲೇ ಕಿವಿಗೆ ಬಿದ್ದ ಮಾತು ಇದು. ಹಲೋ ಇಲ್ಲ. ಹ್ಯಾಂಗಿದ್ದಿ ಇಲ್ಲ. ನಾಷ್ಟಾ ಆಯಿತಾ ಎಂಬ ವಿಚಾರಣೆಯೂ ಇಲ್ಲ. ಕಮಲಾಪುರದಿಂದ ದೊಡ್ಡವ್ವ. ನಮ್ಮವ್ವನ ಅಕ್ಕ, ಜಗದೇವಿ.

ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಕೇಳಿದೆ, "ಅವರು ಅಂದ್ರ ಯಾರು?"

"ನನಗೆಷ್ಟು ಮಂದಿ ಗಂಡಂದಿರಿದ್ದಾರ?"

ಬ್ರಶ್ ತೆಗೆದೆ. ವಿಷಯ ಗಂಭೀರವಾಗಿತ್ತು.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ದೊಡ್ಡವ್ವನ ಮನೆಯ ಪಡಸಾಲೆಯಲ್ಲಿ ಒಂದು ಫೋಟೊ ಇದೆ. ಮದುವೆಯಾದ ವಾರದಲ್ಲಿ ಗಂಡ ಹೆಂಡತಿ ಇಬ್ಬರೂ ಕಲಬುರಗಿಗೆ ಬಂದು ತೆಗೆಸಿದ್ದು. ಆ ಸ್ಟುಡಿಯೊ ಈಗಿಲ್ಲ. ಕಪ್ಪು ಬಿಳುಪಿನ ಫೋಟೊ. ಹಿಂದೆ ಪರದೆ, ಪರದೆಯಲ್ಲಿ ಒಂದು ಕೆರೆ, ಕೆರೆಯಲ್ಲಿ ಎರಡು ಬಾತುಕೋಳಿ. ಮುಂದೆ ಕೆತ್ತನೆಯ ಕುರ್ಚಿ. ಕುರ್ಚಿಯಲ್ಲಿ ದೊಡ್ಡಪ್ಪ ಶಿವಶರಣಪ್ಪ. ಕಾಲ ಮೇಲೆ ಕಾಲು, ಪಾಲಿಶ್ ಮಾಡಿದ ಬೂಟು, ಕೈಗಡಿಯಾರ ಕಾಣಲೆಂದು ಮುಂದಕ್ಕೆ ಚಾಚಿದ ಮುಂಗೈ. ಕುರ್ಚಿಯ ಹಿಂದೆ ದೊಡ್ಡವ್ವ. ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇಟ್ಟು ನಿಂತಿದ್ದಾಳೆ. ಸೊಂಟದಿಂದ ಮೇಲೆ ಮಾತ್ರ ಕಾಣುತ್ತಾಳೆ. ಉಳಿದರ್ಧ ಕುರ್ಚಿಯ ಪಾಲು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದೆಯಲ್ಲವೇ? ಪರದೆಯಲ್ಲಿ ಬಾತುಕೋಳಿಯ ಬದಲು ತಾಜಮಹಲ್ ಇರಬಹುದು. ಕುರ್ಚಿಯಲ್ಲಿ ಕೂತವರು ಯಾರು ಎಂದು ನಾನು ಕೇಳಬೇಕಾಗಿಲ್ಲ.

ಆ ಜೋಡಿ ಬದುಕಿನಲ್ಲಿ ಸ್ಟುಡಿಯೊ ಮೆಟ್ಟಿಲು ಹತ್ತಿ ತೆಗೆಸಿಕೊಂಡ ಫೋಟೊ ಅದೊಂದೇ. ಈಚೆಗೆ ಮನೆಗೆ ಹೊಸ ಬಣ್ಣ ಹೊಡೆಸಿದರು. ಖಾಲಿ ಗೋಡೆ ನೋಡಿದ ಮಗ ಮಹಾಂತೇಶನಿಗೆ (ಊರಲ್ಲೇ ಬೀಜ ಗೊಬ್ಬರದ ಅಂಗಡಿ, ಕೈಯಲ್ಲಿ ಸದಾ ಎರಡು ಫೋನು) ಐಡಿಯಾ ಹೊಳೆಯಿತು. ಹಳೆಯ ಫೋಟೊವನ್ನು ಸ್ಕ್ಯಾನ್ ಮಾಡಿಸಿ ಬಾಗಿಲಿನಷ್ಟು ದೊಡ್ಡದು ಮಾಡಿಸಿ ಹಾಕಿದರೆ ಹೇಗೆ? ಎಲ್ಲರೂ ಭೇಷ್ ಎಂದರು. ಒಬ್ಬಳನ್ನು ಬಿಟ್ಟು.

"ಬ್ಯಾಡ. ಅದನ್ನ ದೊಡ್ಡದು ಮಾಡಿದ್ರ ನಾ ಇನ್ನೂ ದೊಡ್ಡಾಕಿಯಾಗಿ ನಿಂದ್ರಬೇಕಾಗ್ತದ."

ಮನೆಯವರು ನಕ್ಕರಂತೆ. ಅವಳು ನಗಲಿಲ್ಲ. ಮರುದಿನ ನನಗೆ ಫೋನ್ ಮಾಡಿದಳು.

ದೊಡ್ಡವ್ವ ಯಾಕೆ ನಗಲಿಲ್ಲ ಎಂಬುದು ನನಗೆ ಗೊತ್ತು. ಕಮಲಾಪುರದ ಕೆಂಪು ಬಾಳೆಹಣ್ಣು ನೀವು ತಿಂದಿರುತ್ತೀರಿ. ಹುಮನಾಬಾದ್ ಕಡೆ ಹೋಗುವಾಗ ರಸ್ತೆ ಬದಿ ಗಾಡಿ ನಿಲ್ಲಿಸಿ ಕೊಂಡಿರುತ್ತೀರಿ. ಅಂಥ ಒಂದು ತಳ್ಳುಗಾಡಿಯ ಹಿಂದೆ ನಿಂತು ದೊಡ್ಡವ್ವ ಮಕ್ಕಳನ್ನು ಬೆಳೆಸಿದಳು. ಕೂತರೆ ಗೊನೆಗಳ ಹಿಂದೆ ಮುಖ ಮರೆಯಾಗುತ್ತದೆ. ಮುಖ ಕಾಣದಿದ್ದರೆ ಕಾರು ನಿಲ್ಲುವುದಿಲ್ಲ. ಹಾಗಾಗಿ ನಿಂತಳು. ದೊಡ್ಡಪ್ಪ ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದರು. ಕೂತು ಮಾಡುವ ಕೆಲಸ. (ಅದರಲ್ಲಿ ಅವರ ತಪ್ಪೇನಿಲ್ಲ. ನಿಂತುಕೊಂಡು ರಿಜಿಸ್ಟರ್ ಬರೆಯಲಾಗುತ್ತದೆಯೇ?)

ಈಗ ದೊಡ್ಡವ್ವನ ಎರಡೂ ಮೊಣಕಾಲು ಮುಷ್ಕರ ಹೂಡಿವೆ. ಗಾಡಿ ನಿಲ್ಲಿಸಿದ್ದಾಳೆ. ಫೋನಿನಲ್ಲಿ ಅವಳು ಹೇಳಿದ ಕೊನೆಯ ಮಾತು ಇದು: "ಡಾಕ್ಟ್ರು ನಿಂದ್ರಲೇಬ್ಯಾಡ ಅಂದಾರ. ಗ್ವಾಡಿ ಮ್ಯಾಲ ಮಾತ್ರ ನಿಂತೇ ಇರ್ಲೇನು?"

ಆ ಭಾನುವಾರ ನಾನು ಕಮಲಾಪುರಕ್ಕೆ ಹೋದೆ.

ಪಡಸಾಲೆಯಲ್ಲಿ ಸಭೆ ಸೇರಿತ್ತು. ಮಹಾಂತೇಶ ತಾಯಿಯ ಪಕ್ಕ ಕೂತು ಫೋನು ತೋರಿಸುತ್ತಿದ್ದ. "ಅವ್ವಾ, ಕಲಬುರಗಿ ತನಾ ಯಾಕ? ಎಐ ಅದ. ಹಳೇ ಫೋಟೊದಾಗೇ ನಿನ್ನ ಕುಂತಂಗ ಮಾಡ್ತದ. ಒಂದು ನಿಮಿಷ ನೋಡು."

ಒಂದು ನಿಮಿಷವೂ ಆಗಲಿಲ್ಲ. ಫೋನಿನಲ್ಲಿ ಅದೇ ಕೆರೆ, ಅದೇ ಬಾತುಕೋಳಿ (ಒಂದು ಹೆಚ್ಚಾಗಿತ್ತು). ಕುರ್ಚಿಯಲ್ಲಿ ಕೆನೆಬಣ್ಣದ ಹೆಂಗಸೊಬ್ಬಳು ಹಲ್ಲು ಬಿಟ್ಟು ಕೂತಿದ್ದಳು. ದೊಡ್ಡವ್ವ ಕನ್ನಡಕ ಏರಿಸಿ ನೋಡಿದಳು.

"ಈಕಿ ಯಾರು?"

"ನೀನೇ ಅವ್ವಾ."

"ನಾ ಇಲ್ಲಿ ಕುಂತೀನಲ್ಲ. ಈಕಿ ಯಾಕ ನನ್ನ ಗಂಡನ್ನ ಎಬ್ಬಿಸಿ ಕುಂತಾಳ?"

ಮಹಾಂತೇಶ ಫೋನು ಜೇಬಿಗೆ ಹಾಕಿಕೊಂಡ. ಆಗ ದೊಡ್ಡಪ್ಪ ಕೆಮ್ಮಿ, ರಾಜಿ ಸೂತ್ರ ಮುಂದಿಟ್ಟರು. "ಎರಡು ಕುರ್ಚಿ ಹಾಕ್ಸೂಣು. ಇಬ್ರೂ ಕುಂದ್ರೂಣು. ಜಗಳ ಮುಗೀತು."

ನ್ಯಾಯವಾದ ಮಾತು. ನಾನೂ ತಲೆಯಾಡಿಸಿದೆ. ದೊಡ್ಡವ್ವ ಆಡಿಸಲಿಲ್ಲ.

"ಆವಾಗ ಎರಡು ಕುರ್ಚಿ ಯಾಕ ಹಾಕ್ಸಲಿಲ್ರಿ?"

ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು. ನನ್ನನ್ನು ನೋಡಿದರು. ಮಗನನ್ನು ನೋಡಿದರು. ಬಾಯಿ ಮುಚ್ಚಿದರು.

"ಆವಾಗ ಒಂದೇ ಇತ್ತು. ಈಗೂ ಒಂದೇ ಇರ್ಲಿ," ಎಂದಳು ದೊಡ್ಡವ್ವ. ಸಭೆ ಬರಖಾಸ್ತಾಯಿತು.

ಎಲ್ಲದಕ್ಕೂ ಲೆಕ್ಕ ಇಡುವ ನನ್ನ ಚಟ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಕೆಲವರು ಪತ್ರ ಬರೆದು ಅಣಕಿಸಿದ್ದೀರಿ. ಆ ಪತ್ರಗಳನ್ನೂ ಎಣಿಸಿಟ್ಟಿದ್ದೇನೆ.) ಅಂದು ಊಟವಾದ ಮೇಲೆ ಮಹಾಂತೇಶನ ಎರಡೂ ಫೋನು, ಅವನ ಹೆಂಡತಿಯ ಫೋನು, ನನ್ನ ಫೋನು ಮುಂದಿಟ್ಟುಕೊಂಡು ದೊಡ್ಡವ್ವ ಇರುವ ಫೋಟೊಗಳನ್ನೆಲ್ಲ ಹುಡುಕಿ ಡೈರಿಯಲ್ಲಿ ಗೆರೆ ಎಳೆಯುತ್ತ ಹೋದೆ. ಗೆರೆಗಳಿಗೆ ಪುಟ ಸಾಲಲಿಲ್ಲ. ರೊಟ್ಟಿ ಬಡಿಯುತ್ತಿರುವ ದೊಡ್ಡವ್ವ. ಯಾರದೋ ಮದುವೆಯಲ್ಲಿ ಯಾರದೋ ಭುಜದ ಹಿಂದೆ ದೊಡ್ಡವ್ವ. ಮೊಮ್ಮಗನ ಕೇಕಿನ ಪಕ್ಕ ಅರ್ಧ ದೊಡ್ಡವ್ವ. ಅವಳು ತಾನಾಗಿ, ಫೋಟೊಕ್ಕೆಂದೇ ಸಿದ್ಧಳಾಗಿ, ಕ್ಯಾಮೆರಾ ಕಡೆ ನೇರವಾಗಿ ನೋಡಿದ್ದು ಎಷ್ಟು? ಆಧಾರ್ ಕಾರ್ಡಿನದೊಂದು. ಅದರಲ್ಲಿ ಅವಳನ್ನು ನಾನೇ ಗುರುತಿಸಲಿಲ್ಲ.

ಫೋನಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ವಿಷಯ ಗಮನಿಸಿದ್ದೀರಾ? ಫೋನು ಏನನ್ನೂ ಕೇಳುವುದಿಲ್ಲ. ಎತ್ತಿದಿರಿ, ಒತ್ತಿದಿರಿ, ಮುಗಿಯಿತು. ಸ್ಟುಡಿಯೊ ಹಾಗಲ್ಲ. ಅದು ಕೇಳುತ್ತದೆ. ಯಾರು ಕೂಡುವವರು? ಯಾರು ನಿಲ್ಲುವವರು? ಕೈ ಎಲ್ಲಿ? ಹಾಫ್ ಸೈಜಾ, ಫುಲ್ ಸೈಜಾ? ಏನು ಕಾಣಬೇಕು, ಏನು ಕಾಣಬಾರದು? ನಾವು ಅಲ್ಲಿ ಹೇಳುವ ಒಂದು ಮಧ್ಯಾಹ್ನದ ಉತ್ತರ ಗೋಡೆಯ ಮೇಲೆ ಇಡೀ ಬಾಳು ಉಳಿದುಬಿಡುತ್ತದೆ. ದೊಡ್ಡವ್ವನ ತಕರಾರು ಇಷ್ಟೇ. ಮೊದಲ ಸಲ ಉತ್ತರ ಹೇಳುವಾಗ ಅವಳನ್ನು ಯಾರೂ ಕೇಳಿರಲಿಲ್ಲ.

ಮುಂದಿನ ಶನಿವಾರಕ್ಕೆ ಸೇಡಂ ರಸ್ತೆಯ ಒಂದು ಸ್ಟುಡಿಯೊದಲ್ಲಿ ಟೈಮ್ ತೆಗೆದುಕೊಂಡೆ. ನಡೆಸುವವಳು ನಸ್ರೀನ್. ನನ್ನ ಕಾಲೇಜಿನ ಗೆಳತಿ. ಮದುವೆ ಸೀಜನ್ನಿನಲ್ಲಿ ಅವಳನ್ನು ಹಿಡಿಯುವುದು ಕಷ್ಟ. ಮನೆಯ ಹೆಣ್ಣುಮಕ್ಕಳ ಫೋಟೊ ಹೆಂಗಸರೇ ತೆಗೆಯಲಿ ಎನ್ನುವವರು ಊರಲ್ಲಿ ಬಹಳ ಮಂದಿ. ವಿಷಯ ವಿವರಿಸಿದೆ. ಅವಳು ಕೇಳಿಸಿಕೊಂಡು, "ನಮ್ಮ ಅಮ್ಮೀನೂ ನಿಂತೇ ಇದ್ದಾಳ ಫೋಟೊದಾಗ," ಎಂದಳು. ಆಮೇಲೆ, "ಕುರ್ಚಿ ಒಂದೇ ಇಡ್ತೀನಿ. ಬಾಕಿ ಎಲ್ಲಾ ಎತ್ತಿ ಒಳಗ ಹಾಕ್ತೀನಿ," ಎಂದಳು.

ಶನಿವಾರ ಇಬ್ಬರೂ ಬಸ್ಸಿಳಿದು ಬ್ರಹ್ಮಪುರದ ನಮ್ಮ ಮನೆಗೆ ಬಂದರು. ದೊಡ್ಡವ್ವ ಹಸಿರು ಇಳಕಲ್ ಸೀರೆ, ಕಾಲಲ್ಲಿ ಹೊಸ ಚಪ್ಪಲಿ. ಕೈಯಲ್ಲಿ ನಸ್ರೀನಳಿಗೆಂದು ಒಂದು ಚಿಪ್ಪು ಕೆಂಪು ಬಾಳೆಹಣ್ಣು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ, ಧೋತರ, ಕೋಟು. ಬಿಸಿಲಿಗೆ ಕೋಟಿನೊಳಗೆ ಬೇಯುತ್ತಿದ್ದರು. ತೆಗೆಯಲು ಒಪ್ಪಲಿಲ್ಲ.

ಸ್ಟುಡಿಯೊದೊಳಗೆ ಹೋದೆವು. ಬೂದು ಬಣ್ಣದ ಪರದೆ. ಅದರ ಮುಂದೆ ಒಂದೇ ಒಂದು ಮರದ ಕುರ್ಚಿ. ಎರಡೂ ಕಡೆ ದೀಪ.

ದೊಡ್ಡಪ್ಪ ನೇರವಾಗಿ ಹೋದರು. ಕುರ್ಚಿಯಲ್ಲಿ ಕೂತರು. ಕಾಲ ಮೇಲೆ ಕಾಲು ಹಾಕಿದರು.

ಅವರು ಹಟದಿಂದ ಕೂತದ್ದಲ್ಲ ಎಂಬುದು ನನಗೂ ಗೊತ್ತು, ದೊಡ್ಡವ್ವನಿಗೂ ಗೊತ್ತು. ಕ್ಯಾಮೆರಾ ಇದೆ, ಕುರ್ಚಿ ಇದೆ. ದೇಹ ತಾನೇ ಹೋಗಿ ಕೂತುಬಿಟ್ಟಿತ್ತು. ಅದಕ್ಕಿಂತ ವಿಚಿತ್ರ ಏನು ಗೊತ್ತೇ? ದೊಡ್ಡವ್ವನೂ ಎರಡು ಹೆಜ್ಜೆ ಕುರ್ಚಿಯ ಹಿಂದಕ್ಕೆ ಹೋಗಿದ್ದಳು. ಆಮೇಲೆ ಎಚ್ಚೆತ್ತು ಅಲ್ಲೇ ತಡೆದು ನಿಂತಳು.

"ಅಂಕಲ್, ಜರಾ ಏಳ್ತೀರೇನ್ರಿ?" ನಸ್ರೀನ್ ಮೆಲ್ಲಗೆ ಕೇಳಿದಳು. "ಇವತ್ತ ಅಮ್ಮಾಂದು ನಂಬರ್ ಅದ."

ದೊಡ್ಡಪ್ಪ ನಾಲಿಗೆ ಕಚ್ಚಿಕೊಂಡು ಎದ್ದರು. ದೊಡ್ಡವ್ವ ಕೂತಳು. ಕೂಡುವಾಗ ಮೊಣಕಾಲು ಹಿಡಿದುಕೊಂಡು ಒಂದು ಉಸಿರು ಬಿಟ್ಟಳು. ನಸ್ರೀನ್ ಕ್ಯಾಮೆರಾ ಸ್ಟ್ಯಾಂಡು ಹಿಂದಕ್ಕೆ ಎಳೆಯುತ್ತ ಕೇಳಿದಳು, "ಹಾಫ್ ತೆಗೀಲಾ, ಫುಲ್ ತೆಗೀಲಾ?"

"ಹಾಫ್," ಎಂದರು ದೊಡ್ಡಪ್ಪ ಥಟ್ಟನೆ.

"ಫುಲ್," ಎಂದಳು ದೊಡ್ಡವ್ವ. "ಆವತ್ತ ಅರ್ಧಾ ಆಗಿದ್ದು ಸಾಕು."

ದೊಡ್ಡಪ್ಪನ ಮುಖ ಕೆಂಪಾಯಿತು. ಕೋಟಿನ ಗುಂಡಿ ಬಿಚ್ಚಿದರು, ಹಾಕಿದರು. ಆ ಭಾನುವಾರ ಪಡಸಾಲೆಯಲ್ಲಿ ಬಾಯಿ ತೆರೆದು ಮುಚ್ಚಿದ್ದರಲ್ಲ, ಆ ಮಾತು ಆಗ ಹೊರಬಿತ್ತು.

"ಆವತ್ತ ನಿನ್ನ ಹಿಂದ ನಿಲ್ಲಿಸಿದ್ದು ನಾನೇ. ಫೋಟೊದಾಂವ ಅಲ್ಲ. ಅಂವ ನಿನ್ನೇ ಕುಂದ್ರಸಾಂವ ಇದ್ದ. ನಾ ಅವನ ಕಿವ್ಯಾಗ ಹೇಳ್ದೆ, ಬ್ಯಾಡ, ಆಕಿನ್ನ ಕುರ್ಚಿ ಹಿಂದ ನಿಲ್ಲಿಸು ಅಂತ."

"ಯಾಕ?"

"ನಿನ್ನ ಕಡೆ ಒಂದೇ ಚಪ್ಪಲಿ ಉಳಿದಿತ್ತು."

ದೊಡ್ಡವ್ವ ಹುಬ್ಬು ಗಂಟಿಕ್ಕಿದಳು. ನೆನಪು ಮಾಡಿಕೊಳ್ಳುವಾಗ ಅವಳು ಹಾಗೆಯೇ ಮಾಡುವುದು. ಆಮೇಲೆ ಹುಬ್ಬು ಸಡಿಲವಾಯಿತು. "ಹೌದಲ್ಲ! ಬಸ್ ಇಳಿಯೂ ಗದ್ದಲದಾಗ ಒಂದು ಬಸ್ಸಿನ್ಯಾಗೇ ಉಳೀತು. ಬಸ್ಸು ಹೊಂಟೇಹೋತು."

"ಹೊಸಾ ಚಪ್ಪಲಿ," ದೊಡ್ಡಪ್ಪ ಹೇಳಿದರು. "ಲಗ್ನಕ್ಕ ತಂದದ್ದು. ಉಳಿದದ್ದೊಂದು ನೀ ಚೀಲದಾಗ ಇಟ್ಕೊಂಡು ಬರಿಗಾಲಾಗ ಸ್ಟುಡಿಯೊ ತನಾ ನಡಕೋತ ಬಂದಿ. ಕುಂತ್ರ ಪಾದ ಕಾಣ್ತಿದ್ದವು. ಅದಕ್ಕ."

ನಸ್ರೀನ್ ಕ್ಯಾಮೆರಾ ಬಿಟ್ಟು ನಿಂತಿದ್ದಳು. ಇಷ್ಟು ವರ್ಷ ಪಡಸಾಲೆಯಲ್ಲಿ ಗಂಡಸಿನ ದರ್ಪದಂತೆ ಕೂತಿದ್ದ ಫೋಟೊ ಹೆಂಡತಿಯ ಬರಿಗಾಲು ಮುಚ್ಚುವ ಉಪಾಯವಾಗಿತ್ತೇ?

"ನನಗ್ಯಾಕ ಹೇಳ್ಲಿಲ್ಲ?" ದೊಡ್ಡವ್ವ ಕೇಳಿದಳು.

"ಹೊಸದಾಗಿ ಲಗ್ನ ಆಗಿತ್ತು. ನಿನ್ನ ಜೋಡಿ ಮಾತಾಡಾಕ ನಾಚಿಕಿ ಬರ್ತಿತ್ತು."

"ಆಮ್ಯಾಲ?"

"ಆಮ್ಯಾಲ ನೀ ಕೇಳ್ಲಿಲ್ಲ."

ಅಲ್ಲಿಗೆ ಕಥೆ ಮುಗಿದಿದ್ದರೆ ನಾನು ಕಣ್ಣೊರೆಸಿಕೊಂಡು ದೊಡ್ಡಪ್ಪನ ಮೇಲೆ ಒಂದು ಅಂಕಣ ಬರೆಯುತ್ತಿದ್ದೆ. ದೊಡ್ಡವ್ವ ಅಷ್ಟು ಸುಲಭಕ್ಕೆ ಬಿಡುವವಳಲ್ಲ.

"ನನ್ನ ಪಾದ ಕಂಡ್ರ ಏನಾಗ್ತಿತ್ತು?"

"ಮಂದಿ ಏನಂತಿದ್ರು? ಹೆಂಡ್ತಿಗೊಂದು ಜೋಡು ಚಪ್ಪಲಿ ಕೊಡ್ಸಾಕ ಆಗಿಲ್ಲ ಈ ಮಗಗ ಅಂತಿದ್ರು."

"ಹಂಗಾದ್ರ ಮುಚ್ಚಿದ್ದು ನನ್ನ ಪಾದ ಅಲ್ರಿ. ನಿಮ್ಮ ಮಾನ."

ದೊಡ್ಡಪ್ಪ ತಲೆ ಕೆರೆದುಕೊಂಡು ಹೇಳಿದ ಮಾತಿಗಾಗಿ ನನಗೆ ಅವರ ಮೇಲೆ ಗೌರವ ಹೆಚ್ಚಾಗಿದೆ. "ಹೌದು. ಮ್ಯಾಲ ಕುರ್ಚಿನೂ ಭಾಳ ಚಂದ ಇತ್ತು. ಕುಂದ್ರಬೇಕು ಅನಿಸಿತ್ತು. ಸುಳ್ಳ ಯಾಕ ಹೇಳ್ಲಿ?"

ದೊಡ್ಡವ್ವ ನಕ್ಕಳು. ಎರಡು ವಾರದಲ್ಲಿ ಮೊದಲ ಸಲ. ನಗುತ್ತಲೇ ಬಗ್ಗಿ, ಹೊಸ ಚಪ್ಪಲಿ ಎರಡನ್ನೂ ಬಿಚ್ಚಿದಳು. ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಸೀರೆಯ ನಿರಿಗೆ ಒಂದಿಷ್ಟು ಮೇಲಕ್ಕೆತ್ತಿ, ಎರಡೂ ಪಾದ ಮುಂದಕ್ಕೆ ಚಾಚಿ ನೆಲದ ಮೇಲೆ ಊರಿದಳು.

ಆ ಪಾದಗಳನ್ನು ನಾನು ಅಷ್ಟು ಬೆಳಕಿನಲ್ಲಿ ಎಂದೂ ನೋಡಿರಲಿಲ್ಲ. ಹಿಮ್ಮಡಿಯ ಅಂಚಿನಲ್ಲಿ ಕರಿಮಣ್ಣಿನ ಹೊಲದಂತೆ ಬಿರುಕು. ಹೆಬ್ಬೆರಳು ಹೊರಕ್ಕೆ ಸೊಟ್ಟ. ಸವೆದ ಕಾಲುಂಗುರ. ಬಾಳೆಗಾಡಿಯ ಹಿಂದೆ ಬಿಸಿಲಿಗೆ ಕಾದ ಡಾಂಬರಿನ ಅಂಚಿನಲ್ಲಿ ಇಡೀ ಸಂಸಾರವನ್ನು ಹೊತ್ತು ನಿಂತ ಪಾದ.

"ಈಗ ತೆಗಿ ಬೇಟಿ," ಎಂದಳು ನಸ್ರೀನಳಿಗೆ. "ಪಾದ ಬಿಟ್ಟೀ ಅಂದ್ರ ಬಾಳೆಹಣ್ಣು ವಾಪಸ್ ಒಯ್ತೀನಿ."

ನಸ್ರೀನ್ ಕ್ಯಾಮೆರಾ ತಗ್ಗಿಸಿದಳು. ಒಂದು ದೀಪ ಕೆಳಗೆ ಇಳಿಸಿದಳು, ಪಾದದ ಮೇಲೂ ಬೆಳಕು ಬೀಳುವ ಹಾಗೆ. ಅಷ್ಟರಲ್ಲಿ ಹೊಸ ಸಮಸ್ಯೆ. ಕುರ್ಚಿಯ ಹಿಂದೆ ನಿಂತ ದೊಡ್ಡಪ್ಪನಿಗೆ ಕೈ ಎಲ್ಲಿ ಇಡಬೇಕೆಂದು ತಿಳಿಯುತ್ತಿಲ್ಲ. ಕಟ್ಟಿಕೊಂಡರು. ಬಿಟ್ಟರು. ಬೆನ್ನ ಹಿಂದೆ ಒಯ್ದರು. ಕೋಟಿನ ಜೇಬಿಗೆ ಹಾಕಿದರು. ಕುರ್ಚಿಯ ಕೈಗೆ ಒಗ್ಗಿದ ಕೈಗಳು ಪಾಪ, ನೆಲೆ ಇಲ್ಲದೆ ಒದ್ದಾಡಿದವು.

"ಏ, ಕೈ ಎಲ್ಲಿಡ್ಲಿ?"

ದೊಡ್ಡವ್ವ ಹಿಂದಿರುಗಿ ನೋಡಲಿಲ್ಲ. ಕ್ಯಾಮೆರಾ ಕಡೆಯೇ ನೋಡುತ್ತ ಹೇಳಿದಳು, "ನಾ ಇಟ್ಟಿದ್ದೆನಲ್ಲ, ಅಲ್ಲೇ ಇಡ್ರಿ. ರೂಢಿ ಆಗ್ತದ."

ದೊಡ್ಡಪ್ಪ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟರು. ನಸ್ರೀನ್ ಕ್ಲಿಕ್ ಮಾಡಿದಳು.

ಒಂದು ಮಾತು ಒಪ್ಪಲೇಬೇಕು. ಈ ಎಲ್ಲ ಮಾತು ಒಂದು ಸೆಲ್ಫಿಯ ಎದುರು ನಡೆಯುತ್ತಿರಲಿಲ್ಲ. ದೀಪ ಹಾಕಿ, ಕುರ್ಚಿ ಇಟ್ಟು, "ಹೇಗೆ ತೆಗೆಯಲಿ?" ಎಂದು ಒಬ್ಬರು ಕಾದು ನಿಂತರೆ ಮಾತ್ರ ಮನುಷ್ಯರು ತಾವು ಹೇಗೆ ಕಾಣಬೇಕೆಂದು ಯೋಚಿಸುತ್ತಾರೆ. ಯೋಚಿಸಿದರೆ ಹಳೆಯದೆಲ್ಲ ಎದ್ದು ಬರುತ್ತದೆ. ಜಗಳವೂ ಬರುತ್ತದೆ. ಬರಲಿ. ಒಂದು ಹೊತ್ತು ಬಿಡುವು ಮಾಡಿಕೊಂಡು ಸ್ಟುಡಿಯೊಕ್ಕೆ ಹೋಗುವುದು ದಂಡ ಎನ್ನುವವರಿಗೆ ನನ್ನ ಉತ್ತರ ಇದೇ. ನಾವು ನಮ್ಮವರನ್ನು ಲೆಕ್ಕವಿಲ್ಲದಷ್ಟು ಸಲ ಕ್ಲಿಕ್ಕಿಸಿದ್ದೇವೆ. ಹೇಗೆ ಕಾಣಬೇಕು ನಿಮಗೆ ಎಂದು ಒಮ್ಮೆಯಾದರೂ ಕೇಳಿದ್ದೇವೆಯೇ?

ಫೋಟೊ ಬಂತು. ದೊಡ್ಡದೇ ಮಾಡಿಸಿದೆವು. ಅದರಲ್ಲಿ ದೊಡ್ಡವ್ವ ನಗುತ್ತಿಲ್ಲ. ನೇರವಾಗಿ ನೋಡುತ್ತಾಳೆ, ಬೆಲೆ ಕೇಳಿ ಚೌಕಾಸಿಗೆ ಇಳಿದ ಗಿರಾಕಿಯನ್ನು ನೋಡುವ ಹಾಗೆ. ನಗುತ್ತಿರುವುದು ಹಿಂದೆ ನಿಂತ ದೊಡ್ಡಪ್ಪ. ಅವರು ನಗುವ ಫೋಟೊ ನಮ್ಮ ಕುಟುಂಬದಲ್ಲಿ ಇದೇ ಮೊದಲು.

ಕಳೆದ ಭಾನುವಾರ ಕಮಲಾಪುರದ ಪಡಸಾಲೆಯಲ್ಲಿ ಮೊಳೆ ಹೊಡೆದೆವು. ಹಳೆಯದನ್ನು ತೆಗೆದು ಅಟ್ಟಕ್ಕೆ ಹಾಕಲು ಮಹಾಂತೇಶ ಹೊರಟಿದ್ದ. ದೊಡ್ಡವ್ವ ತಡೆದಳು. "ಅದೂ ಇರ್ಲಿ. ಇದರ ಬಾಜೂಕ ಹಾಕು. ಇದ್ದಷ್ಟೇ ಸೈಜ್ ಇರ್ಲಿ." ಹಾಕಿದೆವು. ದೊಡ್ಡವ್ವ ಎದುರಿನ ಮಂಚದ ಮೇಲೆ ಕೂತು ಎರಡನ್ನೂ ನೋಡಿದಳು. "ಆ ಚಪ್ಪಲಿ ಒಂದು ಇನ್ನೂ ಇಟ್ಟಿದ್ರ ಚಲೋ ಇರ್ತಿತ್ತು," ಎಂದಳು. "ಭಾಳ ದಿನ ಇಟ್ಟಿದ್ದೆ. ಹೊಸಾದು ನೋಡು, ಒಗಿಯಾಕ ಮನಸ್ಸಾಗಿರ್ಲಿಲ್ಲ."

ಚಹಾದ ಹೊತ್ತಿಗೆ ಪಕ್ಕದ ಮನೆಯ ಹಿರಿಯರೊಬ್ಬರು ಬಂದರು. ಗೋಡೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇದೇನ್ರಿ ಶಿವಶರಣಪ್ಪನೋರ, ಮನಿ ಯಜಮಾನರು ನೀವು ಹಿಂದ ನಿಂತೀರಿ, ಅಕ್ಕೋರು ಕುಂತಾರ? ಅದೂ ಬರಿಗಾಲಾಗ?"

ನಾನು ದೊಡ್ಡಪ್ಪನ ಮುಖ ನೋಡಿದೆ. ಮಂದಿ ಏನಂತಾರೆ ಎಂದು ಒಮ್ಮೆ ಫೋಟೊದವನ ಕಿವಿಯಲ್ಲಿ ಪಿಸುಗುಟ್ಟಿದ ಮನುಷ್ಯ. ಮಂದಿ ಈಗ ಎದುರೇ ಕೂತು ಕೇಳುತ್ತಿತ್ತು.

ದೊಡ್ಡಪ್ಪ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಆರಾಮವಾಗಿ ಹೇಳಿದರು, "ಹೌದ್ರಿ. ಈಗ ಆಕಿ ಪಾಳಿ."

ಈ ಪುಟ ಮಡಚಿಟ್ಟು ಒಮ್ಮೆ ತಲೆ ಎತ್ತಿ ನಿಮ್ಮ ಮನೆಯ ಗೋಡೆ ನೋಡಿ: ಅಲ್ಲಿ ಇನ್ನೂ ಪಾಳಿ ಬಾರದೆ ನಿಂತಿರುವವರು ಯಾರು?